ನಿದ್ದೆ ಸರಿಹೋದ ಮೇಲೆ ಮೈಗೆ ಬಲ

ಕೇಳುಗರೆಲ್ಲರಿಗೂ ನಮಸ್ಕಾರ.

ಗೊರಕೆ ಹೊಡೆಯುವವರು ಸುಖವಾಗಿ ಮಲಗಿದ್ದಾರೆ ಅಂತ ನಮ್ಮ ಕೋಲಾರದ ಕಡೆ ಇನ್ನೂ ಎಷ್ಟೋ ಜನ ನಂಬಿದ್ದಾರೆ. ಕೆಲವರಿಗೆ ಅದು ಸ್ಲೀಪ್ ಅಪ್ನಿಯ ಕಾಯಿಲೆಯ ಲಕ್ಷಣ. ನಿದ್ದೆಯಲ್ಲಿ ಗಂಟಲು ಸಡಿಲವಾಗಿ ಉಸಿರಿನ ದಾರಿ ಮುಚ್ಚಿಕೊಳ್ಳುತ್ತದೆ. 10 ಸೆಕೆಂಡೋ, ಅದಕ್ಕೂ ಜಾಸ್ತಿಯೋ ಉಸಿರು ನಿಲ್ಲುತ್ತದೆ. ಮಿದುಳು ಗಾಬರಿಯಿಂದ ಎಬ್ಬಿಸುತ್ತದೆ. ಕಾಯಿಲೆ ಜೋರಾಗಿದ್ದರೆ ಗಂಟೆಗೆ 30 ಸಲಕ್ಕೂ ಹೆಚ್ಚು. ಬೆಳಗ್ಗೆ ಇದ್ಯಾವುದೂ ನೆನಪಿರುವುದಿಲ್ಲ, ಸುಸ್ತು ಮಾತ್ರ ಉಳಿದಿರುತ್ತದೆ.

ಇದಕ್ಕೆ ಸಿಪ್ಯಾಪ್ ಯಂತ್ರವಿದೆ. ಮಾಸ್ಕ್ ಮೂಲಕ ಬರುವ ಗಾಳಿಯ ಒತ್ತಡ ಗಂಟಲನ್ನು ತೆರೆದಿಡುತ್ತದೆ. ಆಸ್ಟ್ರೇಲಿಯಾದ ವೈದ್ಯ ಕಾಲಿನ್ ಸಲಿವನ್ ಮತ್ತು ಜೊತೆಗಾರರು 1981ರಲ್ಲಿ ಇದನ್ನು ಪ್ರಕಟಿಸಿದರು.

ಯಂತ್ರ ಒಗ್ಗಿದ ಮೇಲೆ ಕೆಲವರಿಗೆ ಕೆಲವೇ ದಿನಗಳಲ್ಲಿ, ಕೆಲವರಿಗೆ ತಿಂಗಳುಗಳಲ್ಲಿ ಹುರುಪು ಮರಳುತ್ತದೆ. ನನಗೆ ಭಯವಾಗುವುದು ಆಗಲೇ! ಭಾನುವಾರ ಬೆಳಗ್ಗೆ ನೇರವಾಗಿ ಅಂತರಗಂಗೆ ಬೆಟ್ಟದ ಮೆಟ್ಟಿಲು ಹತ್ತುತ್ತಾರೆ. ಕಲ್ಲು ಬಸವನ ಬಾಯಿಂದ ಬೀಳುವ ನೀರು ಕುಡಿದು, ಇನ್ನೂ ದಮ್ಮಿದೆ ಅಂತ ಮೇಲಿನ ಗುಹೆಗಳ ಕಡೆಗೂ ಹೋಗುತ್ತಾರೆ. ಸೋಮವಾರ ಮಂಡಿ ಊದಿರುತ್ತದೆ. ಅಲ್ಲಿಗೆ ವ್ಯಾಯಾಮವೇ ಬೇಡ ಅನಿಸಿಬಿಡುತ್ತದೆ.

ಹುರುಪು ಬೇಗ ಬರುತ್ತದೆ, ಬಲ ನಿಧಾನ. ವರ್ಷಗಟ್ಟಲೆ ಸುಸ್ತಿನಲ್ಲಿ ಕೂತ ಮೈಯಲ್ಲಿ ತೊಡೆ, ಬೆನ್ನು ಸೊರಗಿರುತ್ತವೆ. ಅಭ್ಯಾಸ ಶುರು ಮಾಡಿದರೆ ಉಸಿರಾಟ ಕೆಲವೇ ವಾರಗಳಲ್ಲಿ ಸುಧಾರಿಸುತ್ತದೆ. ಕೀಲು, ಸ್ನಾಯುವನ್ನು ಮೂಳೆಗೆ ಬಿಗಿಯುವ ಸ್ನಾಯುರಜ್ಜು ಗಟ್ಟಿಯಾಗಲು ತಿಂಗಳುಗಳೇ ಬೇಕು. ಅದಕ್ಕೇ ಚೆನ್ನಾಗಿದೆ ಅನಿಸಿದ ದಿನವೇ ಸ್ವಲ್ಪ ಕಡಿಮೆ ಮಾಡಿ ಅನ್ನುತ್ತೇನೆ.

ಮೊದಲು ಸಮತಟ್ಟಾದ ನೆಲ. ಕ್ರೀಡಾಂಗಣದ ಟ್ರ್ಯಾಕಿನಲ್ಲಿ 10 ನಿಮಿಷ ನಡೆದರೂ ಸಾಕು. ನಡೆಯುವಾಗ ಮಾತಾಡಲು ಆಗಬೇಕು, ಹಾಡಲು ಆಗಬಾರದು, ವೇಗ ಅಷ್ಟಿರಲಿ. ಮೈ ಒಪ್ಪಿದರೆ ವಾರಕ್ಕೆ ಐದು ನಿಮಿಷ ಹೆಚ್ಚಿಸಿ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಗುರಿ ವಾರಕ್ಕೆ 150 ನಿಮಿಷ, ಜೊತೆಗೆ ಎರಡು ದಿನ ಬಲದ ವ್ಯಾಯಾಮ. ಜಿಮ್ಮೇ ಬೇಕಂತಿಲ್ಲ. ಕುರ್ಚಿಯಿಂದ ಕೈ ಊರದೆ ಎದ್ದು ಕೂರಿ, ಗೋಡೆಗೆ ಕೈ ಕೊಟ್ಟು ದಂಡ ಹೊಡೆಯಿರಿ.

"ದಿನವಿಡೀ ರೇಷ್ಮೆ ಮನೆಯಲ್ಲಿ ನಿಂತೇ ಇರ್ತೀನಲ್ಲ, ಇದ್ಯಾಕೆ?" ಅಂತ ನಮ್ಮ ರೈತ ಹೆಣ್ಣುಮಕ್ಕಳು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಆದರೆ ಒಂದೇ ಕಡೆ ನಿಂತು ಬಗ್ಗಿ ಮಾಡುವ ಕೆಲಸದಲ್ಲಿ ಸೊಂಟ ದಣಿಯುತ್ತದೆ, ಹೃದಯಕ್ಕೆ ಬೇಕಾದ ಕೆಲಸ ಸಿಗುವುದಿಲ್ಲ. ಅವರಿಗೂ ಬಿರುಸಿನ ನಡಿಗೆ ಬೇಕು.

ಯಂತ್ರ ಹಾಕಿದರೆ ತೂಕ ತಾನಾಗಿ ಇಳಿಯುವುದಿಲ್ಲ, ಕೆಲವರಿಗೆ ತುಸು ಏರುವುದೂ ಉಂಟು. ಮುದ್ದೆ ಬಿಡಬೇಡಿ, ಗಾತ್ರ ಇಳಿಸಿ. ಹುರುಳಿ, ಅವರೆಕಾಳು, ಮೊಟ್ಟೆ ಜಾಸ್ತಿ ಇರಲಿ.

ವ್ಯಾಯಾಮದಿಂದ ಅಪ್ನಿಯ ಸ್ವಲ್ಪ ತಗ್ಗಬಹುದು. ಹಾಗಂತ ಮಾಸ್ಕ್ ತೆಗೆದಿಡಬೇಡಿ, ಮಧ್ಯಾಹ್ನದ ನಿದ್ದೆಗೂ ಹಾಕಿಕೊಳ್ಳಿ. ಬಿಪಿ, ಶುಗರ್ ಮಾತ್ರೆ ತೆಗೆದುಕೊಳ್ಳುವವರು ವ್ಯಾಯಾಮ ಶುರು ಮಾಡುವ ಮೊದಲು ವೈದ್ಯರನ್ನು ಕೇಳಿ. ಎದೆನೋವು, ತಲೆಸುತ್ತು ಬಂದರೆ ತಕ್ಷಣ ನಿಲ್ಲಿಸಿ, ತೋರಿಸಿಕೊಳ್ಳಿ.

ಯಂತ್ರ ಹಾಕಿಯೂ ಹಗಲು ತೂಕಡಿಕೆ ಬರುತ್ತಿದ್ದರೆ ಮಾಸ್ಕಿನಿಂದ ಗಾಳಿ ಸೋರುತ್ತಿರಬಹುದು, ರಕ್ತ ಕಡಿಮೆ ಇರಬಹುದು, ಥೈರಾಯ್ಡ್ ತೊಂದರೆಯೂ ಇರಬಹುದು. ಪರೀಕ್ಷೆ ಮಾಡಿಸಿ. ಅದು ಸರಿಹೋಗುವವರೆಗೆ, ಡ್ರೈವರ್ ಅಣ್ಣಂದಿರೇ, ಟೊಮ್ಯಾಟೊ ಲೋಡಿನ ಲಾರಿಯನ್ನು ಬೇರೆಯವರ ಕೈಗೆ ಕೊಡಿ. ನಮಸ್ಕಾರ.