ಸೂರಿನ ನೀರು ಎಲ್ಲಿಗೆ ಹೋಗುತ್ತದೆ?

ಕೇಳುಗರೆಲ್ಲರಿಗೂ ನಮಸ್ಕಾರ.

ಮೇ ತಿಂಗಳು ಮುಗಿಯುತ್ತಾ ಬಂತು. ನಮ್ಮ ತೀರ್ಥಹಳ್ಳಿ ಕಡೆ ಈಗ ಎಲ್ಲರ ಮನೆಯಲ್ಲೂ ಒಂದೇ ಗಡಿಬಿಡಿ. ಕಟ್ಟಿಗೆ ಒಳಗೆ ಸೇರಬೇಕು, ಹಪ್ಪಳ ಒಣಗಬೇಕು, ಒಡೆದ ಹಂಚು ಬದಲಾಗಬೇಕು. ಇದರ ನಡುವೆ ಸೂರಿನ ಅಂಚನ್ನು ತಲೆ ಎತ್ತಿ ನೋಡುವವರು ಕಡಿಮೆ. ಇವತ್ತು ಆ ಸೂರಿನ ನೀರಿನ ಬಗ್ಗೆ, ಅದನ್ನು ಹಿಡಿಯುವ ದಂಬೆಯ ಬಗ್ಗೆ ನಾಲ್ಕು ಮಾತು.

ಅಂಗಡಿಯಲ್ಲಿ ಇದಕ್ಕೆ ಗಟರ್ ಅಂತಾರೆ. ನನಗೆ ಆ ಹೆಸರು ಕೇಳಿದರೆ ಬಸ್ ಸ್ಟ್ಯಾಂಡ್ ಹಿಂದಿನ ಗಟಾರವೇ ಕಣ್ಣಿಗೆ ಬರುತ್ತದೆ. ಹಾಗಾಗಿ ದಂಬೆ ಎಂದೇ ಹೇಳುತ್ತೇನೆ. ನಾನು ಚಿಕ್ಕವನಿದ್ದಾಗ ಅಪ್ಪಯ್ಯ ಮುದಿ ಅಡಿಕೆ ಮರ ಕಡಿದು, ಉದ್ದಕ್ಕೆ ಎರಡು ಸೀಳು ಮಾಡಿ, ಒಳಗಿನ ತಿರುಳು ಕೆತ್ತಿ ತೆಗೆಯುತ್ತಿದ್ದರು. ಅದನ್ನು ಸೂರಿನ ಕೆಳಗೆ ಕಟ್ಟಿದರೆ ನೀರು ಸೀದಾ ಬಚ್ಚಲ ಹಂಡೆಗೆ. ಎರಡು ಮೂರು ಮಳೆಗಾಲಕ್ಕೆ ಅದು ಕೊಳೆತು ಲಡ್ಡಾಗುತ್ತಿತ್ತು. ಆಮೇಲೆ ಇನ್ನೊಂದು ಮರ.

ಸೂರಿನಿಂದ ಬೀಳುವ ನೀರು ಎಷ್ಟು ಎಂದು ಲೆಕ್ಕ ಹಾಕಿದ್ದೀರಾ? ಲೆಕ್ಕ ಸುಲಭ. ಒಂದು ಚದರ ಮೀಟರ್ ಜಾಗಕ್ಕೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಮನೆಯ ಮಾಡು 100 ಚದರ ಮೀಟರ್ ಇದೆ ಅಂದುಕೊಳ್ಳಿ. ದಿನಕ್ಕೆ 100 ಮಿಲಿಮೀಟರ್ ಮಳೆ ಸುರಿದರೆ 10,000 ಲೀಟರ್. ಹೆಚ್ಚು ಕಡಿಮೆ ಒಂದು ದೊಡ್ಡ ಟ್ಯಾಂಕರು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಜಾಸ್ತಿ ಮಳೆ. ಆರಿದ್ರೆ ಮಳೆ ಆರದೆ ಹುಯ್ಯುತ್ತದೆ ಎಂದು ಹಿರಿಯರು ಸುಮ್ನೆ ಹೇಳಿದ್ದಲ್ಲ.

ಈ ನೀರು ಅಂಗಳಕ್ಕೆ ಬಿದ್ದರೆ ಏನಾಯಿತು ಎನ್ನಬಹುದು. ದಂಬೆ ಇಲ್ಲದ ಮನೆಯ ಅಂಗಳ ನೋಡಿ. ಸೂರಿನ ನೇರಕ್ಕೆ ಸಾಲಾಗಿ ಗುಳಿ ಬಿದ್ದಿರುತ್ತದೆ. ಆ ಗುಳಿಯಿಂದ ಕೆಸರು ಸಿಡಿದು ಗೋಡೆಗೆ ಕೆಂಪು ಪಟ್ಟಿ ಬಳಿದಿರುತ್ತದೆ. ಮಣ್ಣಿನ ಗೋಡೆ ಇರಲಿ, ಜಂಬಿಟ್ಟಿಗೆ ಇರಲಿ, ಮೇಲಿನ ಮಳೆಗಿಂತ ಕೆಳಗಿನ ಸಿಡಿತವೇ ಅದಕ್ಕೆ ಶತ್ರು. ಬುಡ ತೇವವಾದರೆ ವರಲೆ, ಅಂದರೆ ಗೆದ್ದಲು, ಹಿಂದೆಯೇ ಬರುತ್ತದೆ.

ಅಡಿಕೆ ದಂಬೆಯ ಕಾಲ ಮುಗಿದ ಮೇಲೆ ನಾನೂ ಒಂದು ವರ್ಷ ಉತ್ಸಾಹದಿಂದ ತಗಡಿನ ದಂಬೆ ಹಾಕಿಸಿದೆ. ನೋಡಲು ಬಹಳ ಚಂದ. ನೀರು ಇಳಿಯುವ ಪೈಪನ್ನು ಕೋಣೆಯ ಮೂಲೆಯಲ್ಲಿ ಇಳಿಸಿ, ಗೋಡೆಯ ಬುಡಕ್ಕೇ ಬಿಟ್ಟೆ. ಯಾಕೆಂದರೆ ಅಲ್ಲಿ ಪೈಪು ಮುಗಿದಿತ್ತು! ಆಶ್ಲೇಷ ಮಳೆ ಹೊತ್ತಿಗೆ ಒಳಗೋಡೆಯಲ್ಲಿ ಕಾಫಿ ಚೆಲ್ಲಿದ ಹಾಗೆ ಕಲೆ. ಮರುವರ್ಷ ಗಾರೆ ಉಬ್ಬಿತು, ಬಾಗಿಲ ಚೌಕಟ್ಟಿನ ಕಾಲನ್ನು ವರಲೆ ತಿಂದಿತ್ತು. ಬೆರಳಲ್ಲಿ ಒತ್ತಿದರೆ ಅವಲಕ್ಕಿ ಮೂಟೆ ಒತ್ತಿದ ಹಾಗೆ ಒಳಗೆ ಹೋಯಿತು. ನೋಡಲು ಬಂದ ಮೇಸ್ತ್ರಿ ನಕ್ಕರು. "ಅಣ್ಣಾ, ಮೊದ್ಲು ನೀರು ಇಡೀ ಅಂಗಳಕ್ಕೆ ಹಂಚಿ ಬೀಳ್ತಿತ್ತು. ನೀವು ಎಲ್ಲಾ ಒಟ್ಟು ಮಾಡಿ ಒಂದೇ ಮೂಲೆಗೆ ಹೊಯ್ದಿದ್ದೀರಿ ಅಲ್ವಾ?"

ಅವರು ಹೇಳಿದ್ದು ಸರಿ. ನೀರು ಕೊನೆಗೆ ಎಲ್ಲಿ ಬೀಳಬೇಕು ಎಂದು ಗೊತ್ತು ಮಾಡಿಕೊಳ್ಳದೆ ಹಾಕಿದ ದಂಬೆಗಿಂತ ದಂಬೆ ಇಲ್ಲದಿರುವುದೇ ವಾಸಿ. ಹಾಗಾಗಿ ಕೆಲಸ ಕೆಳಗಿನಿಂದ ಶುರು ಮಾಡಿ. ನೀರು ಗೋಡೆಯಿಂದ ಆರೆಂಟು ಅಡಿ ದೂರ ಹೋಗುವ ಕಾಲುವೆ ಮೊದಲು, ಪೈಪು ಆಮೇಲೆ, ದಂಬೆ ಕೊನೆಗೆ.

ಹಳೆಯದನ್ನು ಬಿಚ್ಚಿದಾಗ ಪಕಾಸಿಯ, ಅಂದರೆ ಮಾಡನ್ನು ಹೊರುವ ಓರೆ ಮರದ, ತುದಿಗೆ ಹೊಡೆದ ಹಲಗೆಯನ್ನು ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಿ. ಮೆತ್ತಗಿದ್ದರೆ ಹಲಗೆಯನ್ನೇ ಬದಲಿಸಿ. ಲಡ್ಡಾದ ಮರಕ್ಕೆ ಎಷ್ಟು ಒಳ್ಳೆಯ ಕ್ಲ್ಯಾಂಪ್ ಹೊಡೆದರೂ ಮೊದಲ ಜೋರು ಮಳೆಗೆ ಕಿತ್ತು ಬರುತ್ತದೆ. ಕ್ಲ್ಯಾಂಪುಗಳ ನಡುವೆ ಎರಡು ಅಡಿಗಿಂತ ಜಾಸ್ತಿ ಅಂತರ ಬೇಡ. ಇಳಿಜಾರು 10 ಅಡಿಗೆ ಅರ್ಧ ಇಂಚು ಸಾಕು. ಕಣ್ಣಂದಾಜು ನಂಬಬೇಡಿ, ದಾರ ಕಟ್ಟಿ ನೋಡಿ. ಹಂಚಿನ ತುದಿ ದಂಬೆಯೊಳಗೆ ಎರಡು ಇಂಚಾದರೂ ಚಾಚಿರಲಿ. ಇನ್ನೊಂದು, ಇದನ್ನು ಕೆಲಸದವರಿಗೆ ಎದುರು ನಿಂತು ಹೇಳಬೇಕು: ದಂಬೆಯ ಮುಂದಿನ ಅಂಚು ಹಿಂದಿನ ಅಂಚಿಗಿಂತ ಸ್ವಲ್ಪ ತಗ್ಗಿರಲಿ. ಎಷ್ಟೇ ದೊಡ್ಡ ದಂಬೆಯಾದರೂ ನಮ್ಮ ಮಳೆಗೆ ಒಮ್ಮೆ ತುಂಬಿ ಉಕ್ಕುತ್ತದೆ. ಉಕ್ಕಿದ್ದು ಅಂಗಳಕ್ಕೆ ಹೋಗಬೇಕು, ಗೋಡೆಗೆ ಬರಬಾರದು.

ತಗಡೋ ಪಿವಿಸಿಯೋ ಎಂದು ಕೇಳುತ್ತಾರೆ. ತಗಡು ಕೀಲಿನಲ್ಲಿ ತುಕ್ಕು ಹಿಡಿಯುತ್ತದೆ. ಪಿವಿಸಿಗೆ ತುಕ್ಕಿಲ್ಲ, ಆದರೆ ವರ್ಷಗಟ್ಟಲೆ ಬಿಸಿಲು ತಿಂದು ಗಡುಸಾಗಿ ಸೀಳುತ್ತದೆ. ಬಿಸಿಗೆ ಹಿಗ್ಗುತ್ತದೆ ಕೂಡ. 20 ಡಿಗ್ರಿ ಬಿಸಿ ಏರಿದರೆ 10 ಅಡಿ ತುಂಡು ಸುಮಾರು 4 ಮಿಲಿಮೀಟರ್ ಉದ್ದವಾಗುತ್ತದೆ. ಕೀಲಿನಲ್ಲಿ ಅಷ್ಟು ಜಾಗ ಬಿಡದಿದ್ದರೆ ಬೆನ್ನು ಬಾಗುತ್ತದೆ. ಇನ್ನು ಮಂಗಗಳ ವಿಷಯ. ಅವು ದಂಬೆ ಹಿಡಿದು ಜೋತಾಡಿದರೆ ಎರಡೂ ಉಳಿಯುವುದಿಲ್ಲ. ಅದಕ್ಕೆ ನನ್ನ ಹತ್ತಿರ ಮದ್ದಿಲ್ಲ.

ಹಾಕಿ ಮುಗಿದ ಮೇಲೆ ಮೇಲ್ತುದಿಯಲ್ಲಿ ಒಂದು ಕೊಡ ನೀರು ಹೊಯ್ಯಿರಿ. ಎಲ್ಲಾದರೂ ನಿಂತರೆ ಅದೇ ದಿನ ಸರಿ ಮಾಡಿಸಿ. ನಿಂತ ನೀರು ಡೆಂಗಿ ಸೊಳ್ಳೆಗೆ ತೊಟ್ಟಿಲು. ಮೊಟ್ಟೆ ಸೊಳ್ಳೆಯಾಗಿ ಹಾರಲು ಎಂಟು ಹತ್ತು ದಿನ ಸಾಕು. ಮಳೆ ಹಿಡಿಯುವ ಮೊದಲು ಒಮ್ಮೆ, ನಡುವೆ ಒಮ್ಮೆ ತರಗೆಲೆ ತೆಗೆಯಿರಿ. ಏಣಿಯ ಬುಡ ಹಿಡಿಯಲು ಒಬ್ಬರು ಇರಲಿ. ಕರೆಂಟಿನ ಸರ್ವಿಸ್ ವೈರ್ ಎಲ್ಲಿದೆ ಎಂದು ನೋಡಿಕೊಂಡೇ ಹತ್ತಿ. ಪಾಚಿ ಕಟ್ಟಿದ ಹಂಚಿನ ಮೇಲೆ ಕಾಲಿಡುವ ಸಾಹಸ ಬೇಡ.

ನಮ್ಮ ಮನೆಯ ಪೈಪು ಈಗ ಅಂಗಳ ದಾಟಿ ತೋಟದ ಕಾಲುವೆ ಬಾಯಿಗೆ ಹೋಗುತ್ತದೆ. ಅದರ ಕೆಳಗೆ ಒಂದು ಚಪ್ಪಟೆ ಕಲ್ಲು ಇಟ್ಟಿದ್ದೇವೆ, ಮಣ್ಣು ಕೊರೆಯದಿರಲಿ ಎಂದು. ಆ ಕಲ್ಲಿನ ಸುತ್ತ ಕೆಸು ತಾನಾಗಿ ಎದ್ದಿದೆ, ಆನೆಕಿವಿಯಷ್ಟು ದೊಡ್ಡ ಎಲೆ. ಕಳೆದ ಆಷಾಢದಲ್ಲಿ ಮನೆಯವಳು ಅದರಲ್ಲೇ ಎರಡು ಸಲ ಪತ್ರೊಡೆ ಮಾಡಿದಳು.

ನಮಸ್ಕಾರ.