ಕಿಟಕಿಯಿಂದ ಎಸೆದ ಟವೆಲ್

ಕೇಳುಗರಿಗೆ ನಮಸ್ಕಾರ. ರಷ್ಷಾದ ಬಸ್ಸಿಗೆ ಕಿಟಕಿಯಿಂದಲೇ ಟವೆಲ್ ಎಸೆದು ಸೀಟು ಹಿಡಿಯುತ್ತೇವಲ್ಲ, ಕ್ಯಾನ್ಸರಿನ ಒಂದು ಹೆಸರಾಂತ ಮಾತ್ರೆ ಮಾಡುವುದೂ ಅದೇ ಕೆಲಸ. ಇಮ್ಯಾಟಿನಿಬ್ ಅಂತ ಅದರ ಹೆಸರು.

ಸಿಎಂಎಲ್ ಅನ್ನೋ ರಕ್ತದ ಕ್ಯಾನ್ಸರಿನಲ್ಲಿ 9ನೇ ಮತ್ತು 22ನೇ ಕ್ರೋಮೋಸೋಮುಗಳ ತುಂಡುಗಳು ಅದಲುಬದಲಾಗಿ, ಎರಡು ಜೀನುಗಳು ಅಂಟಿಕೊಂಡು, ಬಿಸಿಆರ್-ಏಬಲ್ ಅನ್ನೋ ಕಿಣ್ವ ಹುಟ್ಟುತ್ತದೆ. ಇದಕ್ಕೆ ಬಿಡುವೇ ಇಲ್ಲ. ಎಟಿಪಿ ಅನ್ನೋ ಜೀವಕೋಶದ ಇಂಧನದ ಅಣುವಿನಿಂದ ಫಾಸ್ಫೇಟ್ ಕಿತ್ತು ಬೇರೆ ಪ್ರೋಟೀನುಗಳಿಗೆ ಅಂಟಿಸುತ್ತಲೇ ಇರುತ್ತದೆ, ಬಿಳಿ ರಕ್ತಕಣಗಳು ಹೆಚ್ಚುತ್ತಲೇ ಹೋಗುತ್ತವೆ. ಎಟಿಪಿ ಕೂರುವ ಸೀಟಿನಲ್ಲಿ ಬೇರೇನಾದರೂ ಕೂತರೆ ಇದರ ಆರ್ಭಟ ನಿಲ್ಲುತ್ತದೆ. ಆದರೆ ನಮ್ಮ ಮೈಯಲ್ಲಿ ಹೀಗೆ ಫಾಸ್ಫೇಟ್ ಅಂಟಿಸುವ ಕಿಣ್ವಗಳು, ಅಂದರೆ ಕೈನೇಸುಗಳು, 500ಕ್ಕೂ ಜಾಸ್ತಿ, ಎಲ್ಲದರ ಸೀಟೂ ಹೆಚ್ಚುಕಡಿಮೆ ಒಂದೇ ಥರ!

ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ವಿಜ್ಞಾನಿಗಳು ಒಂದು ಅಣುವನ್ನು ಹಿಡಿದು ತಿದ್ದುತ್ತಾ ಹೋದರು, ಇಮ್ಯಾಟಿನಿಬ್ ಹುಟ್ಟಿದ್ದು ಹೀಗೆ. ಒಂದೇ ಒಂದು ಮೀಥೈಲ್ ಸೇರಿಸಿದ್ದೇ ತಡ, ಒಂದು ಕಾರ್ಬನ್ನು ಮೂರು ಹೈಡ್ರೋಜನ್ನು ಅಷ್ಟೇ, ಅದು ಪಿಕೆಸಿ ಅನ್ನೋ ಇನ್ನೊಂದು ಕಿಣ್ವದ ತಂಟೆ ಬಿಟ್ಟಿತು, ಏಬಲ್ (ಬಿಸಿಆರ್-ಏಬಲ್‌ನ ಕೈನೇಸ್ ಭಾಗ) ಮೇಲಿನ ಹಿಡಿತ ಮಾತ್ರ ಉಳಿಯಿತು. ಆಗಿನ್ನೂ ಏಬಲ್‌ನ ಸೀಟು ಹೇಗಿದೆ ಅಂತ ಯಾರೂ ಕಂಡಿರಲಿಲ್ಲ.

ಕಂಡದ್ದು 2000ದಲ್ಲಿ. ವಿಜ್ಞಾನಿ ಜಾನ್ ಕುರಿಯನ್ ಅವರ ತಂಡ ಏಬಲ್ ಜೊತೆ ಈ ಔಷಧಿಯ ತೀರಾ ಹತ್ತಿರದ ರೂಪವನ್ನು ಸೇರಿಸಿ ಹರಳುಗಟ್ಟಿಸಿ, ಎಕ್ಸ್-ರೇ ಹಾಯಿಸಿ ನೋಡಿತು. ಕಿಣ್ವ ಕೆಲಸ ನಿಲ್ಲಿಸಿ ಮುದುಡಿ ಕೂತ ಭಂಗಿಯಲ್ಲೇ ಔಷಧಿ ಅದನ್ನು ಹಿಡಿದಿತ್ತು! ಕೆಲಸ ಮಾಡುವಾಗ ಕೈನೇಸುಗಳೆಲ್ಲ ಒಂದೇ ಥರ ಕಾಣುತ್ತವೆ, ಮುದುಡಿದಾಗ ಒಂದೊಂದೂ ಬೇರೆ. ನನಗಂತೂ ಈ ಕಥೆಯಲ್ಲಿ ತುಂಬಾ ಹಿಡಿಸೋದು ಇದೇ.

2001ರಲ್ಲಿ ಇಮ್ಯಾಟಿನಿಬ್‌ಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಕ್ಯಾನ್ಸರೇನು ಸುಮ್ನೆ ಕೂರಲಿಲ್ಲ. ಕೆಲವು ರೋಗಿಗಳಲ್ಲಿ ಕಿಣ್ವದ 315ನೇ ಜಾಗದಲ್ಲಿ ಥ್ರಿಯೋನಿನ್ ಅನ್ನೋ ಅಮೈನೋ ಆಮ್ಲ ಹೋಗಿ ಐಸೋಲ್ಯೂಸಿನ್ ಅನ್ನೋ ಇನ್ನೊಂದು ಬಂತು. ಔಷಧಿ ಹಿಡಿದುಕೊಳ್ಳುತ್ತಿದ್ದ ಒಂದು ಹೈಡ್ರೋಜನ್ ಬಂಧ ತಪ್ಪಿತು, ಮೇಲಾಗಿ ದಾರಿಗೆ ದಪ್ಪ ಗುಂಪೊಂದು ಅಡ್ಡ ನಿಂತಿತು. ಈ ಸಲ ಚಿತ್ರ ಕೈಯಲ್ಲಿತ್ತು. ಅಣುವಿನ ನಡುವೆ ಎರಡು ಕಾರ್ಬನ್ನುಗಳ ತ್ರಿಬಂಧ ಇಟ್ಟರು. ಅದು ಕಡ್ಡಿಯ ಹಾಗೆ ನೆಟ್ಟಗೆ, ತೆಳ್ಳಗೆ, ಐಸೋಲ್ಯೂಸಿನ್ ಪಕ್ಕದಲ್ಲೇ ನುಸುಳುತ್ತದೆ. 2012ರಲ್ಲಿ ಬಂದ ಪೊನಾಟಿನಿಬ್ ಇದೇ. ಆದರೆ ರಕ್ತನಾಳಗಳಲ್ಲಿ ಹೆಪ್ಪುಗಟ್ಟುವ ಅಪಾಯ ಇರೋದರಿಂದ ಡಾಕ್ಟರು ಅಳೆದೂ ಸುರಿದೂ ಕೊಡುತ್ತಾರೆ.

2021ರಲ್ಲಿ ಒಪ್ಪಿಗೆ ಪಡೆದ ಆಸಿಮಿನಿಬ್ ಆ ಸೀಟಿನ ಗೊಡವೆಗೇ ಹೋಗೋದಿಲ್ಲ. ಕಿಣ್ವದ ಇನ್ನೊಂದು ಮೂಲೆಯ ಪುಟ್ಟ ಗುಳಿಯಲ್ಲಿ ಕೂತು, ಅಲ್ಲಿಂದಲೇ ಅದನ್ನು ಮುದುಡಿಸುತ್ತದೆ.