ಒಂದೇ ಪ್ರಶ್ನೆ, ಎಲ್ಲರಿಗೂ

ಕೇಳುಗರಿಗೆ ನಮಸ್ಕಾರ. ಡೈರಿಗೆ ಹಾಲು ಹಾಕಿ ಬಂದು ಕಾಫಿ ಕುಡಿಯುತ್ತಾ ರೇಡಿಯೋ ಹಾಕಿರುವವರು ಕೇಳುತ್ತಿದ್ದೀರಿ ಅಂದುಕೊಂಡು ಮಾತಾಡುತ್ತೇನೆ. ಪಕ್ಷದ ಹೆಸರು ಎತ್ತುವುದಿಲ್ಲ. ಎತ್ತಿದರೆ ಆಕಾಶವಾಣಿಯವರು ನನ್ನನ್ನು ಮತ್ತೆ ಕರೆಯುವುದಿಲ್ಲ.

ವಿಧಾನಸಭೆ ಚುನಾವಣೆ ಬಂದಾಗ ನಾವು ಅಭ್ಯರ್ಥಿಗಳನ್ನು ಹೇಗೆ ಅಳೆಯುತ್ತೇವೆ? ಒಬ್ಬರನ್ನು ರಸ್ತೆ ಬಗ್ಗೆ ಕೇಳುತ್ತೇವೆ. ಇನ್ನೊಬ್ಬರನ್ನು ದೇವಸ್ಥಾನದ ಬಗ್ಗೆ ಕೇಳುತ್ತೇವೆ. ಮೂರನೆಯವರ ಜೊತೆ ಸುಮ್ನೆ ಫೋಟೋ ತೆಗೆಸಿಕೊಳ್ಳುತ್ತೇವೆ. ಆಮೇಲೆ 'ಎಲ್ಲರೂ ಒಂದೇ ಬಿಡಿ' ಅನ್ನುತ್ತೇವೆ. ಎಲ್ಲರನ್ನೂ ಒಂದೇ ಪ್ರಶ್ನೆ ಕೇಳಿದ್ದೀರಾ? ಇಲ್ಲ ಅಲ್ವಾ?

ನಮ್ಮ ಸೋದರತ್ತೆಯ ಊರು ವಿಶ್ವೇಶ್ವರಯ್ಯ ನಾಲೆಯ ಕೊನೇ ಭಾಗದಲ್ಲಿದೆ. ಕೊನೇ ಭಾಗ ಅಂದರೆ ಏನು ಅಂತ ಮಂಡ್ಯದವರಿಗೆ ಹೇಳಬೇಕಾಗಿಲ್ಲ. ಕೆಲವು ದಿನ ನೀರು ಬಿಟ್ಟು ಕೆಲವು ದಿನ ನಿಲ್ಲಿಸುವ ಕಟ್ಟು ಪದ್ಧತಿಯಲ್ಲಿ ನೀರು ಬಿಟ್ಟರೂ ಮೇಲಿನವರ ಗದ್ದೆ ತುಂಬಿ, ನೀರುಗಂಟಿಯ ಜೊತೆ ನಾಲ್ಕು ಜಗಳ ಆಗಿ, ಇವರ ತೂಬಿಗೆ ಬರುವ ಹೊತ್ತಿಗೆ ಕಟ್ಟು ಮುಗಿದಿರುತ್ತದೆ. ಅತ್ತೆ ಓದಿದ್ದು ನಾಲ್ಕನೇ ತರಗತಿ. ಒಂದು ಚುನಾವಣೆಯಲ್ಲಿ ಹಳೇ ಕ್ಯಾಲೆಂಡರಿನ ಹಾಳೆಯ ಬೆನ್ನಿಗೆ ಮೂರು ಮನೆ ಗೆರೆ ಎಳೆದು ಜಗಲಿಯ ಮೇಲೆ ಕೂತರು.

ಮೊದಲ ಅಭ್ಯರ್ಥಿ ಬಂದು ಕಾಲಿಗೆ ಬಿದ್ದರು. 'ಬೇಸಿಗೆಲಿ ನಮ್ ತೂಬಿಗೆ ಎಷ್ಟು ಕಟ್ಟು ನೀರು ಬತ್ತದೆ, ಹೇಳಪ್ಪಾ' ಅಂದರು ಅತ್ತೆ. 'ಕಾವೇರಿ ನಮ್ಮ ತಾಯಿ ಕಣವ್ವಾ' ಅಂದರು ಅವರು. ಅತ್ತೆ ಮೊದಲ ಮನೆಯಲ್ಲಿ ಬರೆದದ್ದು ಒಂದೇ ಪದ: 'ತಾಯಿ.'

ಎರಡನೆಯವರಿಗೂ ಅದೇ ಪ್ರಶ್ನೆ. 'ಇಂಜಿನಿಯರಿಗೆ ಹೇಳ್ತೀನಿ.' 'ಯಾವ ಇಂಜಿನಿಯರು, ಯಾವ ಆಫೀಸು?' ಉತ್ತರ ಇಲ್ಲ. ಜೀಪು ಹೊರಟೇಹೋಯಿತು. ಎರಡನೇ ಮನೆ: 'ಹೇಳ್ತಾರಂತೆ.'

ಮೂರನೆಯವರು ಸ್ವಲ್ಪ ತಡವರಿಸಿದರು. 'ಹೂಳು ತೆಗೆಯೋವರೆಗೂ ನಿಮ್ಮ ತೂಬಿಗೆ ಮಾತು ಕೊಡಕ್ಕಾಗಲ್ಲ, ಅವ್ವಾ. ಮೊದಲು ಹೂಳು ತೆಗೆಸ್ತೀನಿ.' ಅತ್ತೆ ಅದನ್ನು ಪೂರ್ತಿ ಬರೆದುಕೊಂಡರು. ಹೆಬ್ಬೆಟ್ಟು ಹಾಕಿ ಅಂತ ಅವರ ಮುಂದೆ ಹಾಳೆಯನ್ನೂ ಹಿಡಿದರು! ಅವರು ಹಾಕಲಿಲ್ಲ, ನಕ್ಕು ಹೋದರು. ಅತ್ತೆ ಯಾರಿಗೆ ವೋಟು ಹಾಕಿದರು ಅಂತ ನನಗೆ ಇವತ್ತಿಗೂ ಹೇಳಿಲ್ಲ. ಊರಿನ ಗಂಡಸರು ಮಾತ್ರ ಮಾರನೇ ದಿನ ಆ ಹಾಳೆ ನೋಡಲು ಸಾಲು ನಿಂತರು.

ಕತೆ ಉದ್ದವಾಯಿತು, ಕ್ಷಮಿಸಿ. ಆದರೆ ಅತ್ತೆಯ ಪ್ರಶ್ನೆ ಗಮನಿಸಿ. ನಾಲೆಗೆ ಯಾವಾಗ ನೀರು ಬಿಡಬೇಕು ಅನ್ನುವುದು ನೀರಾವರಿ ಸಲಹಾ ಸಮಿತಿಯಲ್ಲಿ ಚರ್ಚೆ ಆಗುತ್ತದೆ, ಶಾಸಕರು ಅಲ್ಲಿ ಕೂರುತ್ತಾರೆ. ಹಾಗಾಗಿ ಶಾಸಕರಾಗಲು ಬಂದವರನ್ನು ಅದನ್ನೇ ಕೇಳಬೇಕು. ಕಬ್ಬಿನ ಎಫ್‌ಆರ್‌ಪಿ ದರ, ಅಂದರೆ ಕಾರ್ಖಾನೆಯವರು ರೈತರಿಗೆ ಕೊಡಲೇಬೇಕಾದ ಕನಿಷ್ಠ ಬೆಲೆ, ನಿಗದಿ ಮಾಡುವುದು ಕೇಂದ್ರ ಸರ್ಕಾರ, ಅದು ಎಂಪಿ ಚುನಾವಣೆಯ ಪ್ರಶ್ನೆ. ಊರೊಳಗಿನ ಚರಂಡಿ ಪಂಚಾಯಿತಿ ಚುನಾವಣೆಯ ಪ್ರಶ್ನೆ. ಚರಂಡಿ ಬಗ್ಗೆ ಎಂಪಿಯನ್ನು ಕೇಳಿ, ಎಫ್‌ಆರ್‌ಪಿ ಬಗ್ಗೆ ಪಂಚಾಯಿತಿ ಸದಸ್ಯರನ್ನು ಕೇಳಿ, ಆಮೇಲೆ ಯಾರೂ ಕೆಲಸ ಮಾಡಲ್ಲ ಅಂದರೆ ಹೇಗೆ ಸ್ವಾಮಿ?

ಮೈಸೂರು ನಗರದವರು ನಿಮ್ಮ ಬಡಾವಣೆಯ ಕುಡಿಯುವ ನೀರನ್ನೇ ಹಿಡಿದುಕೊಳ್ಳಿ. ವಾರಕ್ಕೆ ಎಷ್ಟು ದಿನ, ದಿನಕ್ಕೆ ಎಷ್ಟು ಗಂಟೆ? ಎಲ್ಲರಿಗೂ ಅದೇ ಪ್ರಶ್ನೆ, ಅದೇ ಮಾತಿನಲ್ಲಿ. ಒಬ್ಬರಿಗೆ ಮೆತ್ತಗೆ, ಇನ್ನೊಬ್ಬರಿಗೆ ಜೋರಾಗಿ ಬೇಡ.

ಇನ್ನೊಂದನ್ನು ಬೇಗ ಹೇಳಿಬಿಡುತ್ತೇನೆ. ನಾಮಪತ್ರದ ಜೊತೆ ಪ್ರತಿ ಅಭ್ಯರ್ಥಿಯೂ ನಮೂನೆ 26ರಲ್ಲಿ ಪ್ರಮಾಣಪತ್ರ ಕೊಡಬೇಕು. ಆಸ್ತಿ, ಸಾಲ, ಓದು, ಮೈಮೇಲಿರುವ ಕ್ರಿಮಿನಲ್ ಕೇಸು, ಎಲ್ಲಾ ಅದರಲ್ಲಿರುತ್ತದೆ. ಮತದಾರರಿಗೆ ಇದನ್ನು ತಿಳಿಯುವ ಹಕ್ಕಿದೆ ಅಂತ ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದೆ. ಚುನಾವಣಾ ಆಯೋಗದ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ನೋಡಬಹುದು. ಮೊಬೈಲ್ ತಿಳಿಯದವರು ಮಗಳಿಗೋ ಮೊಮ್ಮಗನಿಗೋ ಹೇಳಿ ಓದಿಸಿಕೊಳ್ಳಿ. ಮತದಾರರ ಪಟ್ಟಿಯಲ್ಲಿ ಹೆಸರಿದೆಯೋ ಇಲ್ಲವೋ ಅನುಮಾನ ಇದ್ದರೆ 1950ಕ್ಕೆ ಫೋನ್ ಮಾಡಿ.

ಅತ್ತೆಯ ಹಾಗೆ ನೀವೂ ಉತ್ತರಗಳನ್ನು ಬರೆದುಕೊಳ್ಳಿ. ಹಾಳೆಯಲ್ಲಿ ಯಾವುದಾದರೂ ಮನೆ ಖಾಲಿ ಉಳಿದರೆ ನೀವೇ ತುಂಬಬೇಡಿ. ಅವರ ಕಡೆಯವರು ಮತ್ತೆ ಬಂದಾಗ ಆ ಖಾಲಿ ಮನೆಯನ್ನೇ ತೋರಿಸಿ. ನಮಸ್ಕಾರ.